ನಾಟಕದ ಮೇಷ್ಟ್ರ ರಿಸಲ್ಟ್ ಎಷ್ಟು ಪರ್ಸೆಂಟ್, ಸಚಿವರೇ?

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಓದುವ ಹುಡುಗಿಯ ಅಪ್ಪ. ಯಾವ ಪಕ್ಷದವನೂ ಅಲ್ಲ, ಯಾವ ಸಂಘದವನೂ ಅಲ್ಲ. ಕೇಳುವುದು ಒಂದೇ ಒಂದು. ಉತ್ತಮ ಶಿಕ್ಷಕ ಪ್ರಶಸ್ತಿಗೆ ನಾಟಕದ ಮೇಷ್ಟ್ರುಗಳ ಹೆಸರನ್ನು ಮಕ್ಕಳೇ ಸೂಚಿಸುವುದಕ್ಕೆ ದಾರಿ ಮಾಡಿಕೊಡಿ. ಇದನ್ನು ಕೆಳಗಿನವರಿಗೆಲ್ಲ ಹೇಳಿ ನೋಡಿಯಾಯಿತು. ಎಲ್ಲರೂ ತಲೆಯಾಡಿಸಿದರು, ಯಾರೂ ಏನೂ ಮಾಡಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಡೆದದ್ದು ಹೇಳುತ್ತೇನೆ. ಮಗಳ ಶಾಲೆಯಲ್ಲಿ ಒಬ್ಬ ನಾಟಕದ ಮೇಷ್ಟ್ರಿದ್ದಾರೆ. ರಂಗಶಾಲೆಯಲ್ಲಿ ಕಲಿತು ಬಂದವರು. ಶಾಲೆಯಲ್ಲಿ ಹಾಲ್ ಇದೆ, ಆದರೆ ಅದರ ತುಂಬ ಹಳೆಯ ಪಠ್ಯಪುಸ್ತಕದ ಕಟ್ಟು, ಮುರಿದ ಬೆಂಚು. ಹಾಗಾಗಿ ತಾಲೀಮು ನಡೆಯುವುದು ಸೈಕಲ್ ಶೆಡ್ಡಿನಲ್ಲಿ, ಅದೂ ಸಂಜೆ ಕೊನೆಯ ಬೆಲ್ ಆದಮೇಲೆ. ಎಣ್ಣೆ ಡಬ್ಬದೊಳಗೆ ಬಲ್ಬ್ ಕೂರಿಸಿ ಅದನ್ನೇ ಲೈಟ್ ಮಾಡಿಕೊಂಡಿದ್ದಾರೆ. ಅಮ್ಮಂದಿರ ಹಳೆ ಸೀರೆಗಳೇ ಪರದೆ, ಅವೇ ರಾಜನ ಉಡುಪು. ಯಾರಿಗೂ ಪಾತ್ರ ಇಲ್ಲ ಅನ್ನುವ ಹಾಗಿಲ್ಲ ಅವರ ನಾಟಕದಲ್ಲಿ. ಮಾತಾಡಲು ಮನಸ್ಸಿಲ್ಲದವನಿಗೆ ಪರಿಕರಗಳ ಜವಾಬ್ದಾರಿ, ಎಲ್ಲರ ಮಾತೂ ಬಾಯಿಪಾಠ ಆಗಿರುವ ಹುಡುಗಿ ಪರದೆ ಪಕ್ಕ ನಿಂತು ಮರೆತವರಿಗೆ ಹೇಳಿಕೊಡುತ್ತಾಳೆ. ನನ್ನ ಮಗಳೇ ಅದು, ಹೇಳದೇ ಇರಲಾರೆ.

ಇದೇ ಮೇಷ್ಟ್ರು ಹಗಲೆಲ್ಲ ಏನು ಮಾಡುತ್ತಾರೆ ಗೊತ್ತಾ? ಗಣಿತದವರು ರಜೆ ಹಾಕಿದರೆ ಆ ಪೀರಿಯಡ್ ಇವರಿಗೆ. ಬಿಸಿಯೂಟದ ಲೆಕ್ಕ ಇವರಿಗೆ. ಡಿಸೆಂಬರ್ ಬಂತು ಅಂದರೆ ಹತ್ತನೇ ತರಗತಿಗೆ ವಿಶೇಷ ತರಗತಿ, ನಾಟಕ ಬಂದ್. ಪ್ರತಿಭಾ ಕಾರಂಜಿ ಬಂದಾಗ ಮಾತ್ರ ಛದ್ಮವೇಷಕ್ಕೆ ಬಣ್ಣ ಹಚ್ಚಬೇಕಲ್ಲ, ಆಗ ಎಲ್ಲರಿಗೂ ಇವರ ನೆನಪಾಗುತ್ತದೆ.

ಮಕ್ಕಳು ಮೇಷ್ಟ್ರಿಗೆ ಹೇಳದೆ ಒಂದು ಪತ್ರ ಬರೆದರು. ಒಂಬತ್ತು, ಹತ್ತನೇ ತರಗತಿಯವರು, ಎಲ್ಲರ ಸಹಿ ಹಾಕಿ. ನಮ್ಮ ಸರ್‌ಗೆ ಉತ್ತಮ ಶಿಕ್ಷಕ ಪ್ರಶಸ್ತಿ ಕೊಡಿ ಅಂತ. ಅವರಲ್ಲಿ ಕೆಲವರನ್ನು ಕರೆದುಕೊಂಡು ನಾನೇ ನಿಮ್ಮ ಇಲಾಖೆಯ ಕಚೇರಿಯೊಂದಕ್ಕೆ ಹೋದೆ. ಪತ್ರವನ್ನು ಪೂರ್ತಿ ಓದಲೂ ಇಲ್ಲ ಅಲ್ಲಿ. ಮಕ್ಕಳು ಕೊಡುವ ಹಾಗಿಲ್ಲ, ಮೇಷ್ಟ್ರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು ಅಂದರು. ಸರಿ, ನಿಯಮ ಇದ್ದರೆ ಇರಲಿ. ಆಮೇಲೆ ಕೇಳಿದ ಪ್ರಶ್ನೆ ನೋಡಿ: "ಅವರ ಸಬ್ಜೆಕ್ಟಿನ ಎಸ್ಸೆಸ್ಸೆಲ್ಸಿ ರಿಸಲ್ಟ್ ಎಷ್ಟು ಪರ್ಸೆಂಟ್?"

ನಾಟಕಕ್ಕೆ ಬೋರ್ಡ್ ಪರೀಕ್ಷೆ ಇಲ್ಲ ಸಾರ್, ಅಂದೆ.

"ಪರೀಕ್ಷೇನೇ ಇಲ್ಲ ಅಂದ್ರೆ ಅವರು ಚೆನ್ನಾಗಿ ಕಲಿಸ್ತಾರೆ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು?"

ಕಲಿತ ಮಕ್ಕಳು ಅವರ ಮೇಜಿನ ಮುಂದೆಯೇ ನಿಂತಿದ್ದರು, ಸಚಿವರೇ. ಯೂನಿಫಾರ್ಮ್ ಹಾಕಿಕೊಂಡು. ಒಂದು ಮಾತು ಕೇಳಬಹುದಿತ್ತು ಅಲ್ವಾ? ಕೇಳಲಿಲ್ಲ. ಪತ್ರ ತೆಗೆದುಕೊಂಡಿದ್ದಕ್ಕೆ ಸ್ವೀಕೃತಿ ಕೊಡಿ ಅಂದರೆ, ತೆಗೆದುಕೊಂಡೇ ಇಲ್ಲವಲ್ಲ, ಸ್ವೀಕೃತಿ ಯಾಕೆ ಅಂತ ಪತ್ರವನ್ನು ನನ್ನ ಕೈಗೇ ವಾಪಸ್ ಇಟ್ಟರು. ಬಹಳ ಶಿಸ್ತಿನ ಕಚೇರಿ.

ವಿಷಯ ಮೇಷ್ಟ್ರ ಕಿವಿಗೂ ಬಿತ್ತು. ನೀವೇ ಅರ್ಜಿ ಹಾಕಿ ಸಾರ್ ಅಂತ ನಾನೂ ಹೇಳಿದೆ. "ನನ್ನನ್ನ ನಾನೇ ಹೊಗಳ್ಕೊಂಡು, ಫೋಟೊ ಹಚ್ಚಿ ಅಪ್‌ಲೋಡ್ ಮಾಡೋದು ನನ್ನಿಂದ ಆಗಲ್ಲ ಬಿಡಿ" ಅಂದರು. ಇಂಥವರಿಗೆ ಪ್ರಶಸ್ತಿ ಬರಬೇಕು ಅನ್ನುವುದು ನನ್ನ ವಾದ. ಇಂಥವರಿಗೆ ಬರದ ಹಾಗೆ ಇರುವುದು ನಿಮ್ಮ ಪದ್ಧತಿ.

ನಿಯಮಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿವೆ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. 2018ರಿಂದ ಶಿಕ್ಷಕರೇ ಪೋರ್ಟಲ್‌ನಲ್ಲಿ ನೇರವಾಗಿ ಅರ್ಜಿ ಹಾಕಬಹುದು ಅಂತ ಆಯಿತು. ವಶೀಲಿ ಕಡಿಮೆ ಆಗುತ್ತದೆ, ಒಳ್ಳೆಯದೇ. ಆದರೆ ಕಲಿತವರಿಗೆ ಅಲ್ಲೂ ಬಾಯಿಲ್ಲ. ಗುತ್ತಿಗೆಯ ಮೇಲೆ ಇರುವ ಶಿಕ್ಷಕರಂತೂ ಅರ್ಜಿಯನ್ನೇ ಹಾಕುವಂತಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆ, ನಾಟಕ ನಾಲ್ಕನ್ನೂ ಹತ್ತನೇ ತರಗತಿವರೆಗೆ ಕಲಿಸಬೇಕು ಅಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆ ಕಲಿಸುವುದಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. 2020ರ ಶಿಕ್ಷಣ ನೀತಿಯಂತೂ ಪಠ್ಯ, ಪಠ್ಯೇತರ ಅನ್ನುವ ಗೋಡೆಯೇ ಬೇಡ ಅಂತ ಹೇಳಿದೆ. ಕಾಗದದಲ್ಲಿ ಎಲ್ಲ ಇದೆ. ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ, ಮೈಸೂರಿನಲ್ಲಿ ರಂಗಾಯಣ ಇದೆ. ಇಷ್ಟೆಲ್ಲ ಇರುವ ರಾಜ್ಯದಲ್ಲಿ ನಾಟಕ ಕಲಿತು ಬಂದವರ ಕೈಗೆ ಬಿಸಿಯೂಟದ ಲೆಕ್ಕದ ಪುಸ್ತಕ ಕೊಟ್ಟಿದ್ದೇವೆ.

ಇದು ಎಲ್ಲೂ ಇಲ್ಲದ ಬೇಡಿಕೆ ಅಂದುಕೊಳ್ಳಬೇಡಿ. ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿ. ಅದರ ಜೊತೆಗೇ 2015ರಿಂದ ಶಾಲೆಯ ನಾಟಕ ಶಿಕ್ಷಕರಿಗೂ ಒಂದು ಪ್ರಶಸ್ತಿ ಕೊಡುತ್ತಿದ್ದಾರೆ. ಹೆಸರು ಯಾರು ಬೇಕಾದರೂ ಸೂಚಿಸಬಹುದು, ವಿದ್ಯಾರ್ಥಿಗಳೂ. ಗೆದ್ದವರ ಶಾಲೆಯ ನಾಟಕಕ್ಕೆ 10,000 ಡಾಲರ್. ನಾವು ಡಾಲರ್ ಕೇಳುತ್ತಿಲ್ಲ. ಅರ್ಜಿಯಲ್ಲಿ ಒಂದು ಕಾಲಂ ಕೇಳುತ್ತಿದ್ದೇವೆ.

ಮಕ್ಕಳಿಗೆ ಏನು ತಿಳಿಯುತ್ತದೆ, ಮಾರ್ಕ್ಸ್ ಆಸೆಗೆ ಯಾರ ಹೆಸರು ಬೇಕಾದರೂ ಬರೆಯುತ್ತಾರೆ ಅಂತ ನಿಮ್ಮವರು ಹೇಳಬಹುದು. ಸ್ವಲ್ಪ ಯೋಚನೆ ಮಾಡಿ. ನಾಟಕದ ಮೇಷ್ಟ್ರ ಕೈಯಲ್ಲಿ ಮಾರ್ಕ್ಸೇ ಇಲ್ಲವಲ್ಲ! ಅವರನ್ನು ಹೊಗಳಿ ಮಕ್ಕಳಿಗೆ ಒಂದಂಕಿಯೂ ಸಿಗುವುದಿಲ್ಲ. ಇಡೀ ಶಾಲೆಯಲ್ಲಿ ಲಾಭದ ಲೆಕ್ಕ ಇಲ್ಲದೆ ಮಕ್ಕಳು ಒಬ್ಬರ ಬಗ್ಗೆ ಬರೆಯಬಹುದಾದರೆ ಅದು ಇವರ ಬಗ್ಗೆಯೇ. ಆದರೂ ಅನುಮಾನ ಇದ್ದರೆ ಶಾಲೆ ಬಿಟ್ಟು ಹೋದ ಮಕ್ಕಳಿಂದಲೂ ಬರೆಸಿ. ಹೆಸರು ಗುಟ್ಟಾಗಿಡಿ. ಎಷ್ಟು ಪತ್ರ ಬಂತು ಅಂತ ಎಣಿಸಬೇಡಿ, ಇಲ್ಲದಿದ್ದರೆ ದೊಡ್ಡ ಶಾಲೆಯವರೇ ಗೆಲ್ಲುತ್ತಾರೆ. ಏನು ಬರೆದಿದ್ದಾರೆ ಅಂತ ಓದಿ. ಓದಿದ ಮೇಲೆ ಯಾರನ್ನಾದರೂ ಕಳಿಸಿ, ಒಂದು ಸಂಜೆ ಆ ತಾಲೀಮನ್ನು ನೋಡಿ ಬರಲಿ. ಸುಮ್ನೆ ಶೆಡ್ಡಿನ ಮೂಲೆಯಲ್ಲಿ ನಿಂತು ನೋಡಿದರೂ ಸಾಕು.

ನಿಮ್ಮ ಸಮಾರಂಭಗಳಲ್ಲಿ ಶಾಲು ಹೊದೆಸುವುದನ್ನು ನೋಡಿದ್ದೇನೆ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಶಾಮಿಯಾನ ಹಾಕಿದವರಿಗೂ ಶಾಲು ಸಿಕ್ಕಿತು. ಅತಿಥಿಗಳು ತಡವಾಗಿ ಬಂದು, ಭಾಷಣ ಉದ್ದ ಆಗಿ, ಮಕ್ಕಳು ಬಣ್ಣ ಹಚ್ಚಿಕೊಂಡೇ ತೂಕಡಿಸಿ, ಕೊನೆಗೆ ನಾಟಕ ಅರ್ಧಕ್ಕೇ ನಿಂತಿತು. ಮೇಷ್ಟ್ರು ಪರದೆ ಮಡಚುತ್ತಿದ್ದರು. ವೇದಿಕೆಗೆ ಬನ್ನಿ ಅಂತ ಅವರನ್ನು ಯಾರೂ ಕರೆಯಲಿಲ್ಲ.

ಶಾಲು ನೀವೇ ಇಟ್ಟುಕೊಳ್ಳಿ. ಮಕ್ಕಳು ಹೆಸರು ಸೂಚಿಸುವುದಕ್ಕೆ ಅವಕಾಶ ಕೊಡಿ. ಗುತ್ತಿಗೆಯವರು, ಅತಿಥಿ ಶಿಕ್ಷಕರು ಅಂತ ಭೇದ ಮಾಡದೆ ಕೊಡಿ. ಫಲಿತಾಂಶದ ಪರ್ಸೆಂಟ್ ಕೇಳುವ ಜಾಗದಲ್ಲಿ "ಪರೀಕ್ಷೆ ಇಲ್ಲದ ವಿಷಯ" ಅಂತ ಬರೆಯಲಿಕ್ಕಾದರೂ ಬಿಡಿ. ಮುಂದಿನ ಸೆಪ್ಟೆಂಬರ್ 5ರ ಪ್ರಶಸ್ತಿಗೆ ಸುತ್ತೋಲೆ ಹೊರಡುವ ಮೊದಲೇ ಇದು ಆಗಬೇಕು. ಆಮೇಲೆ ಪರಿಶೀಲಿಸುತ್ತೇವೆ ಅನ್ನುವ ಉತ್ತರ ಬೇಡ, ಅದು ನಮ್ಮ ಹತ್ತಿರ ಈಗಾಗಲೇ ಇದೆ. ವಾಪಸ್ ಕೊಟ್ಟ ಆ ಪತ್ರದ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ನಿಮ್ಮ ಕಚೇರಿಗೇ ಕಳಿಸುತ್ತಿದ್ದೇನೆ. ಈ ಸಲ ಸ್ವೀಕೃತಿ ಅಂಚೆಯವರು ತಂದುಕೊಡುತ್ತಾರೆ.

ಇಂತಿ,
ಒಬ್ಬ ವಿದ್ಯಾರ್ಥಿನಿಯ ತಂದೆ