ವಾಲೆಟ್‌ನಿಂದ ಗೇಮ್‌ಗೆ ಹಣ ದಾಟುವ ಕಡೆ ಒಂದು ಬಾಗಿಲು ಇಡಿ: ಕೇಂದ್ರ ಐಟಿ ಸಚಿವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು 12 ವರ್ಷದ ಹುಡುಗನ ತಾಯಿ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಬೈಲ್ ವಾಲೆಟ್‌ನಿಂದ 11,340 ರೂಪಾಯಿ ಒಂದು ಆನ್‌ಲೈನ್ ಗೇಮ್‌ನ ಖಾತೆಗೆ ಹೋಯಿತು. ಯಾರೂ ಕದ್ದಿಲ್ಲ. ಯಾವ ವಂಚಕನ ಫೋನೂ ಬಂದಿರಲಿಲ್ಲ. ನನ್ನ ಮಗನೇ, ನನ್ನ ಫೋನಿನಿಂದಲೇ, 40 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿದ್ದ. ಒಂದು ಸಲ 80, ಇನ್ನೊಂದು ಸಲ 160, ಕೊನೆಕೊನೆಗೆ 800. ಎಲ್ಲವನ್ನೂ ಕೂಡಿಸಿ ನೋಡಿದ ರಾತ್ರಿ ನನಗೆ ಕೈಕಾಲೇ ಆಡಲಿಲ್ಲ.

ಇಷ್ಟು ದಿನ ಗೊತ್ತಾಗಲಿಲ್ವಾ ಎಂದು ನೀವು ಕೇಳಬಹುದು. ಮನೆಯವರೂ ಅದನ್ನೇ ಕೇಳಿದರು. ಕರೆಂಟ್ ಬಿಲ್ಲು, ರೀಚಾರ್ಜು ಎಂದು ಆ ವಾಲೆಟ್‌ನಿಂದ ದಿನಕ್ಕೆ ನಾಲ್ಕೈದು ಸಲ ಹಣ ಹೋಗುತ್ತಿರುತ್ತದೆ. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕ್ ಖಾತೆಯಿಂದ ತಾನಾಗಿ ತುಂಬಿಕೊಳ್ಳುವ ಸೌಲಭ್ಯವನ್ನು ನಾನೇ ಆನ್ ಮಾಡಿದ್ದೆ. ಹಾಗಾಗಿ ವಾಲೆಟ್ ಯಾವತ್ತೂ ಖಾಲಿ ಅನ್ನಿಸಲೇ ಇಲ್ಲ. ಇನ್ನು ವಾಲೆಟ್‌ನ ಪಾವತಿ ಪಟ್ಟಿಯಲ್ಲಿ ಆ ಗೇಮ್‌ನ ಹೆಸರು ಒಂದು ಕಡೆಯೂ ಇರಲಿಲ್ಲ. ನಡುವೆ ಹಣ ದಾಟಿಸುವ ಯಾವುದೋ ಪೇಮೆಂಟ್ ಕಂಪನಿಯ ಹೆಸರಿತ್ತು. ನಾನು ಅದನ್ನು ರೀಚಾರ್ಜ್ ಎಂದುಕೊಂಡು ಬಿಟ್ಟೆ.

ಮಗ ಮಾಡಿದ್ದು ತಪ್ಪು. ಅದನ್ನು ಅವನೂ ಒಪ್ಪಿಕೊಂಡ. ಆದರೆ ಅವನು ಅಳುತ್ತಾ ಹೇಳಿದ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. 'ಅಮ್ಮಾ, ನಾನು ದುಡ್ಡು ಖರ್ಚು ಮಾಡ್ಲಿಲ್ಲ, ಡೈಮಂಡ್ ಖರ್ಚು ಮಾಡ್ದೆ' ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ವಾಲೆಟ್‌ನಿಂದ ರೂಪಾಯಿ ಹೋಗಿ ಗೇಮ್‌ನಲ್ಲಿ ಡೈಮಂಡ್ ಆಗುತ್ತದೆ. ಆ ಡೈಮಂಡ್ ಕೊಟ್ಟರೆ ಗೇಮ್‌ನಲ್ಲಿ ಆಡುವ ಪಾತ್ರಕ್ಕೆ ಬಟ್ಟೆ, ಬಂದೂಕು, ಒಳಗೆ ಏನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆ ಸಿಗುತ್ತವೆ. ಗೇಮ್‌ನೊಳಗಿನ ಆ ಅಂಗಡಿಯ ಪರದೆಯಲ್ಲಿ ಎಲ್ಲಿಯೂ ರೂಪಾಯಿ ಲೆಕ್ಕ ಕಾಣುವುದಿಲ್ಲ. 60 ಡೈಮಂಡ್ ಅಂದರೆ ಎಷ್ಟು ರೂಪಾಯಿ ಎಂದು ನಾನೇ ಕಾಗದ ಹಿಡಿದು ಲೆಕ್ಕ ಹಾಕಬೇಕಾಯಿತು. ಇನ್ನು ಏಳನೇ ಕ್ಲಾಸಿನ ಹುಡುಗನ ಪಾಡೇನು? ಜೊತೆಗೆ ಮೇಲೆ ಒಂದು ಗಡಿಯಾರ ಓಡುತ್ತಿರುತ್ತದೆ, 'ಇನ್ನು ಹತ್ತೇ ನಿಮಿಷ' ಎಂದು. ತಂಡದಲ್ಲಿ ಆಡುವ ಗೆಳೆಯರೆಲ್ಲ ಹೊಸ ಬಟ್ಟೆ ಹಾಕಿರುತ್ತಾರೆ. ಬಿಟ್ಟಿ ಬಟ್ಟೆಯಲ್ಲಿ ಬಂದವನನ್ನು ಆಡಿಕೊಳ್ಳುತ್ತಾರೆ. ನನ್ನ ಮಗ ಆ ಅವಮಾನಕ್ಕೆ ಹೆದರಿದ್ದ.

ನಾನು ಗೇಮ್‌ಗಳ ವಿರೋಧಿ ಅಲ್ಲ. ಅವನು ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ. ಗೆಳೆಯರ ಜೊತೆ ಮಾತಾಡಿಕೊಂಡು, ಯೋಚಿಸಿ ಆಡುತ್ತಾನೆ. ನನ್ನ ಚಿಂತೆ ಹಣ ಹೋಗುವ ದಾರಿಯದ್ದು ಮಾತ್ರ.

ವಿಷಯ ಗೊತ್ತಾದ ಮರುದಿನವೇ ವಾಲೆಟ್‌ನ ಕಸ್ಟಮರ್ ಕೇರ್‌ಗೆ ಬರೆದೆ. 'ನಿಮ್ಮ ಫೋನಿನಿಂದ, ನಿಮ್ಮ ಓಟಿಪಿಯಿಂದ ಆದ ಪಾವತಿ, ಗೇಮ್‌ನವರನ್ನು ಕೇಳಿ' ಎಂದರು. ಗೇಮ್‌ನವರಿಗೆ ಬರೆದೆ. 'ಖರೀದಿಸಿದ ಡೈಮಂಡ್ ವಾಪಸ್ ಪಡೆಯುವುದಿಲ್ಲ, ವಾಲೆಟ್‌ನವರನ್ನು ಕೇಳಿ' ಎಂದರು. ಹೀಗೆ ಮೂರು ವಾರ ಕಳೆಯಿತು. ಸೈಬರ್ ವಂಚನೆಗೆ 1930 ಸಹಾಯವಾಣಿ ಇದೆ. ಆದರೆ ಇದು ವಂಚನೆ ಅಲ್ಲವಲ್ಲ, ಅಲ್ಲಿ ಏನೆಂದು ದೂರು ಕೊಡಲಿ? ನನ್ನ ಅನುಮತಿ ಇಲ್ಲದೆ ಹಣ ಹೋಗಿದೆ ಎಂದರೆ ಓಟಿಪಿ ತೋರಿಸುತ್ತಾರೆ. ಆ ಓಟಿಪಿ ಬಂದದ್ದು ಮಗನ ಕೈಯಲ್ಲಿದ್ದ ಅದೇ ಫೋನಿಗೆ. ಫೋನ್ ಯಾರದ್ದು ಎಂದು ಓಟಿಪಿಗೆ ಗೊತ್ತು. ಅದನ್ನು ಹಿಡಿದಿರುವ ಕೈ ಯಾರದ್ದು ಎಂದು ಗೊತ್ತಿಲ್ಲ.

ಮಾನ್ಯರೇ, 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಅದು ನಿಷೇಧಿಸಿತು. ಅಂಥ ಆಟಕ್ಕೆ ಹಣ ದಾಟಿಸಿಕೊಟ್ಟವರಿಗೂ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ ಇದೆ. ಅದಕ್ಕಾಗಿ ನಾನು ನಿಜಕ್ಕೂ ಕೃತಜ್ಞಳು. ಇಂಥ ಆಟಗಳನ್ನು ತಡೆಯಲು 2021ರಲ್ಲಿ ಕರ್ನಾಟಕ ಮಾಡಿದ್ದ ಕಾನೂನು ತಿದ್ದುಪಡಿ 2022ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಗಿತ್ತು. ಹಾಗಾಗಿ ಕೇಂದ್ರದ ಕಾನೂನು ಬಂದಾಗ ನಮ್ಮಂಥ ಎಷ್ಟೋ ಜನರಿಗೆ ಸಮಾಧಾನ ಆಯಿತು. ಆದರೆ ನನ್ನ ಮಗ ಹಣ ಗೆಲ್ಲಲು ಆಡಲಿಲ್ಲ. ಬಟ್ಟೆಗಾಗಿ ಹಣ ಹಾಕಿದ. ಅವನಂಥ ಮಕ್ಕಳು ಆ ಕಾನೂನಿನ ಆಚೆಗೇ ಉಳಿದುಬಿಟ್ಟಿದ್ದಾರೆ.

ವಾಲೆಟ್ ರಿಸರ್ವ್ ಬ್ಯಾಂಕಿನ ಕೈಯಲ್ಲಿದೆ. ಗೇಮ್ ನಿಮ್ಮ ಇಲಾಖೆಯ ಕೈಯಲ್ಲಿದೆ. ಇವೆರಡರ ನಡುವೆ ಹಣ ದಾಟುವ ಜಾಗವನ್ನು ಯಾರೂ ಕಾಯುತ್ತಿಲ್ಲ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಹೊಸ ನಿಯಮ ಬರೆಯುವ ಕಷ್ಟವೂ ಜಾಸ್ತಿ ಇಲ್ಲ. ವಾಲೆಟ್‌ಗಳಿಗಾಗಿ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಕೊಟ್ಟ ನಿರ್ದೇಶನ ಓದಿದೆ. ಬೇರೆ ಬೇರೆ ರೀತಿಯ ಪಾವತಿಗೆ ಎಷ್ಟು ಸಲ, ಎಷ್ಟು ಹಣ ಎಂಬ ಮಿತಿಯನ್ನು ಗ್ರಾಹಕರೇ ಹಾಕಿಕೊಳ್ಳುವ ಅವಕಾಶ ಕೊಡಬೇಕು ಎಂದು ಅದರಲ್ಲಿದೆ. ಆ ಮಿತಿ ಬದಲಿಸಲು ಇನ್ನೊಂದು ಖಾತ್ರಿ ಬೇಕು ಎಂದೂ ಇದೆ. ಎಷ್ಟು ಒಳ್ಳೆಯ ಮಾತು! ಆದರೆ ನನ್ನ ವಾಲೆಟ್‌ನಲ್ಲಿ ಗೇಮ್‌ಗೆ ಮಾತ್ರ ಮಿತಿ ಹಾಕುವ ಬಟನ್ ಹುಡುಕಿ ಹುಡುಕಿ ಸಾಕಾಯಿತು. ಪೂರ್ತಿ ಕೆವೈಸಿ (ಗುರುತಿನ ಖಾತ್ರಿ) ಮಾಡಿಸಿದ ವಾಲೆಟ್‌ನಲ್ಲಿ 2 ಲಕ್ಷ ರೂಪಾಯಿ ತನಕ ಇಡಬಹುದು. ಅದು ಚಿಲ್ಲರೆ ಕಾಸಿನ ಡಬ್ಬಿ ಅಲ್ಲ. ಅದರ ಒಂದು ಬಾಗಿಲು ನೇರವಾಗಿ ಗೇಮ್‌ಗೆ ತೆರೆದಿರುತ್ತದೆ ಎಂದರೆ ಆ ಬಾಗಿಲಿಗೆ ಬೇರೆಯದೇ ಬೀಗ ಬೇಕಲ್ವಾ?

ನಾನು ಕೇಳುವುದು ಆ ಬೀಗವನ್ನೇ. ಪ್ರತಿ ವಾಲೆಟ್‌ನಲ್ಲೂ ಗೇಮ್ ಪಾವತಿಯ ಮಿತಿ ಮೊದಲಿಗೆ ಸೊನ್ನೆ ಇರಲಿ. ಬೇಕಾದವರು ಏರಿಸಿಕೊಳ್ಳಲಿ. ಏರಿಸಲು ಫೋನಿನ ಲಾಕ್ ಸಾಲದು, ಅದೇ ಫೋನಿಗೆ ಬರುವ ಓಟಿಪಿಯೂ ಸಾಲದು. ವಾಲೆಟ್‌ನ ಯಜಮಾನರಿಗೆ ಮಾತ್ರ ಗೊತ್ತಿರುವ ಬೇರೆ ಪಿನ್ ಇರಲಿ, ಇಲ್ಲವೇ ಬೆರಳಚ್ಚು ಇರಲಿ. ಏರಿಸಿದ ಮಿತಿ ಮಾರನೇ ದಿನದಿಂದ ಜಾರಿಗೆ ಬರಲಿ. ಆಟದ ಬಿಸಿಯಲ್ಲಿ ಏರಿಸಿದವರಿಗೆ, ದೊಡ್ಡವರಾದರೂ ಸರಿ, ಒಂದು ರಾತ್ರಿ ಯೋಚಿಸಲು ಸಿಗುತ್ತದೆ. ವಾಲೆಟ್ ತಾನಾಗಿ ತುಂಬಿಕೊಳ್ಳುವ ಸೌಲಭ್ಯದಿಂದ ಬಂದ ಹಣ ಗೇಮ್‌ಗೆ ಹೋಗಲೇಬಾರದು. ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ವಾಲೆಟ್ ಖಾಲಿಯಾಗಿದ್ದರೆ ಮೊದಲ ವಾರದಲ್ಲೇ ನನಗೆ ಗೊತ್ತಾಗಿಬಿಡುತ್ತಿತ್ತು. ಪಟ್ಟಿಯಲ್ಲಿ ಗೇಮ್‌ನ ಹೆಸರೇ ಬರಲಿ. ಡೈಮಂಡ್‌ನ ಪಕ್ಕದಲ್ಲಿ ರೂಪಾಯಿ ಬರಲಿ.

ಇನ್ನು ಹಿಂತಿರುಗಿಸುವ ವಿಷಯ. 18 ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ ಎಂಬುದು 1872ರ ಒಪ್ಪಂದ ಕಾಯ್ದೆಯ ಕಾಲದಿಂದ ಬಂದ ಮಾತು. 2023ರ ಡೇಟಾ ರಕ್ಷಣೆ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 18ರೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು ಎನ್ನುತ್ತದೆ. ಅದು ನಿಮ್ಮ ಇಲಾಖೆಯದ್ದೇ ಕಾನೂನು. ಮಗುವಿನ ಹೆಸರು, ಹುಟ್ಟಿದ ದಿನ ಪಡೆಯಲು ನನ್ನನ್ನು ಕೇಳಬೇಕು. ಮಗುವಿನ ಕೈಯಿಂದ ನನ್ನ ಹಣ ಪಡೆಯಲು ನನ್ನನ್ನು ಕೇಳಬೇಕಿಲ್ಲ. ಇದು ಸರಿಯೇ? ಮಗು ಮಾಡಿದ ಪಾವತಿ ಎಂದು ಪೋಷಕರು ದೂರು ಕೊಟ್ಟರೆ, ಮೊದಲು ದೂರು ಯಾರಿಗೆ ಹೋಯಿತೋ ಅವರೇ ಅದನ್ನು ಕೊನೆ ಮುಟ್ಟಿಸಬೇಕು. ವಾಲೆಟ್‌ನವರು ಗೇಮ್‌ನವರ ಕಡೆ, ಗೇಮ್‌ನವರು ವಾಲೆಟ್‌ನವರ ಕಡೆ ಬೆರಳು ತೋರಿಸುವುದು ನಿಲ್ಲಬೇಕು. ಬಳಸದೆ ಉಳಿದ ಡೈಮಂಡ್‌ನ ಹಣವಾದರೂ ಬಂದ ದಾರಿಯಲ್ಲೇ ವಾಲೆಟ್‌ಗೆ ಮರಳಬೇಕು. ನನ್ನ ಮಗನ ಖಾತೆಯಲ್ಲಿ ಇವತ್ತಿಗೂ ಸುಮಾರು 900 ರೂಪಾಯಿಯ ಡೈಮಂಡ್ ಹಾಗೇ ಬಿದ್ದಿದೆ.

ಬೇರೆ ದೇಶಗಳು ಇದನ್ನು ಮಾಡಿವೆ. ಚೀನಾ 2019ರಲ್ಲೇ 8 ವರ್ಷದೊಳಗಿನವರು ಗೇಮ್‌ಗೆ ಹಣ ಹಾಕುವುದನ್ನು ನಿಲ್ಲಿಸಿತು. 8ರಿಂದ 16 ವರ್ಷದೊಳಗಿನವರಿಗೆ ತಿಂಗಳಿಗೆ 200 ಯುವಾನ್ ಮಿತಿ ಹಾಕಿತು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಎಂಬ ಗೇಮ್ ಮಾಡುವ ಎಪಿಕ್ ಗೇಮ್ಸ್ ಕಂಪನಿಯ ಜೊತೆ ಒಂದು ಒಪ್ಪಂದಕ್ಕೆ ಬಂತು. ಗ್ರಾಹಕರಿಗೆ ಮರಳಿಸಲು ಆ ಕಂಪನಿ 24.5 ಕೋಟಿ ಡಾಲರ್ ಕೊಡಬೇಕಾಯಿತು. ತಂದೆತಾಯಿಯನ್ನು ಕೇಳದೆ ಮಕ್ಕಳಿಂದ ಖರೀದಿ ಮಾಡಿಸಿದ ಆರೋಪವೂ ಅದರಲ್ಲಿತ್ತು. ನಮ್ಮಲ್ಲೂ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಮಕ್ಕಳ ಗೇಮ್‌ನಲ್ಲಿ ಓಡುವ ಆ ಗಡಿಯಾರಗಳನ್ನು ಯಾರಾದರೂ ಒಮ್ಮೆ ಅದೇ ಕಣ್ಣಿನಿಂದ ನೋಡಬೇಕು.

ಮನೆಯಲ್ಲಿ ನಾವು ಮಾಡಬೇಕಾದ್ದನ್ನು ಮಾಡಿದ್ದೇವೆ. ವಾಲೆಟ್‌ಗೆ ಬೇರೆ ಪಿನ್ ಹಾಕಿದ್ದೇನೆ. ತಾನಾಗಿ ತುಂಬಿಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಪ್ರತಿ ಭಾನುವಾರ ಮಗನೂ ನಾನೂ ಕೂತು ವಾಲೆಟ್‌ನ ಪಟ್ಟಿ ಓದುತ್ತೇವೆ. ಯಾವುದು ಯಾರಿಗೆ ಹೋಯಿತು ಎಂದು ಈಗ ಅವನೇ ನನಗೆ ಹೇಳುತ್ತಾನೆ.

ದಯವಿಟ್ಟು ರಿಸರ್ವ್ ಬ್ಯಾಂಕಿನವರನ್ನೂ ನಿಮ್ಮ ಅಧಿಕಾರಿಗಳನ್ನೂ ಈ ಒಂದು ವಿಷಯಕ್ಕಾಗಿ ಒಂದೇ ಮೇಜಿನ ಮುಂದೆ ಕೂರಿಸಿ. ನಮ್ಮಂಥ ಒಬ್ಬಿಬ್ಬರು ಪೋಷಕರನ್ನೂ ಕರೆಯಿರಿ. ನನ್ನ ಹತ್ತಿರ 40 ದಿನಗಳ ಪಟ್ಟಿ ಇದೆ, ಎರಡೂ ಕಡೆಯವರು ಬರೆದ ಉತ್ತರಗಳಿವೆ. ಕೇಳಿದ ದಿನವೇ ತಲುಪಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ತಾಯಿ