ಯಾವುದು ಎಲ್‌ಪಿ, ಯಾವುದು ಸಿಡಿ

ಮಾಟುಂಗಾ, ಮುಂಬೈ

ಪ್ರೀತಿಯ ಸುಹಾಸನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ನೀನು ಕಳಿಸಿದ ಪಟ್ಟಿ ನೋಡಿದೆ. ಕಾಕಾನ ಟರ್ನ್‌ಟೇಬಲ್, ಅಂದರೆ ರೆಕಾರ್ಡು ಪ್ಲೇಯರ್, ಮನೆಗೆ ಬಂದ ಹುಮ್ಮಸ್ಸಿನಲ್ಲಿ ಎಲ್ಲ ಆಲ್ಬಮ್ಮೂ ಎಲ್‌ಪಿಯಲ್ಲೇ (ಸೂಜಿಯಿಂದ ನುಡಿಸುವ ದೊಡ್ಡ ರೆಕಾರ್ಡಿನಲ್ಲೇ) ಬೇಕು ಅಂದಿದ್ದೀಯ. ಅರ್ಧಕ್ಕರ್ಧ ಹೊಡೆದು ಹಾಕಿದ್ದೇನೆ, ಸಿಟ್ಟಾಗಬೇಡ. ಹೊಸ ಎಲ್‌ಪಿ ಒಂದಕ್ಕೆ ಎರಡರಿಂದ ಮೂರು ಸಾವಿರ ಹೋಗುತ್ತದೆ, ಹಳೆ ಸಿಡಿ ಕೆಲವು ನೂರಕ್ಕೆ ಸಿಗುತ್ತದೆ. ನನ್ನ ಲೆಕ್ಕ ಇಷ್ಟೇ: ಅರವತ್ತು-ಎಪ್ಪತ್ತರ ದಶಕದ ರಾಕ್ ಎಲ್‌ಪಿಯಲ್ಲಿ ಕೊಳ್ಳು, ತೊಂಬತ್ತರ ಆಲ್ಟರ್ನೇಟಿವ್ ರಾಕ್ ಸಿಡಿಯಲ್ಲಿ.

ಕಾರಣ ಧ್ವನಿಯ ಗುಣವಲ್ಲ. ಎಲ್‌ಪಿಯ ಒಂದು ಬದಿಯಲ್ಲಿ ಸಲೀಸಾಗಿ ಹಿಡಿಯುವುದು 22 ನಿಮಿಷದಷ್ಟು. ಅದಕ್ಕಿಂತ ಹೆಚ್ಚು ತುಂಬಿದರೆ ಸೂಜಿ ಓಡುವ ಗೆರೆಗಳು ಒತ್ತೊತ್ತಾಗಿ, ಸದ್ದನ್ನೇ ಇಳಿಸಿ ಕೊರೆಯಬೇಕಾಗುತ್ತದೆ. ಕೇಳುಗ ನಡುವೆ ಎದ್ದು ರೆಕಾರ್ಡು ತಿರುಗಿಸುತ್ತಾನೆ ಎಂದು ಗೊತ್ತಿದ್ದೇ ಆಗಿನವರು ಹಾಡುಗಳ ಸಾಲು ಕಟ್ಟಿದರು. ಬೀಟಲ್ಸ್‌ನ ಅಬ್ಬೆ ರೋಡ್ (1969) ತಗೋ. ಎ ಬದಿಯ ಕೊನೆಯ ಹಾಡು ಏಳೂಮುಕ್ಕಾಲು ನಿಮಿಷ ಭಾರವಾಗುತ್ತಾ ಹೋಗಿ, ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಪ್ಲೇಯರ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ. ನೀನು ಎದ್ದು ತಿರುಗಿಸುವಷ್ಟು ಹೊತ್ತು ಮೌನ, ಆಮೇಲೆ ಬಿ ಬದಿಯಲ್ಲಿ ಜಾರ್ಜ್ ಹ್ಯಾರಿಸನ್‌ನ 'ಹಿಯರ್ ಕಮ್ಸ್ ದ ಸನ್'. ಸಿಡಿಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ಬಂದು ಆ ಮೌನವೇ ಹೋಗಿಬಿಡುತ್ತದೆ. ಸಾರ್ಜೆಂಟ್ ಪೆಪ್ಪರ್‌ನ (1967) ಬ್ರಿಟಿಷ್ ಎಲ್‌ಪಿಯದು ಇನ್ನೂ ತಮಾಷೆ: ಎಲ್ಲ ಮುಗಿದ ಮೇಲಿನ ಒಳಸುತ್ತಿನಲ್ಲಿ ಅರ್ಥವಿಲ್ಲದ ಮಾತು ಕೊರೆದಿದ್ದಾರೆ. ಸೂಜಿ ಎತ್ತದಿದ್ದರೆ ಅದು ಸುತ್ತುತ್ತಲೇ ಇರುತ್ತದೆ. ತೋಳು ತಾನಾಗಿ ಹಿಂದೆ ಬರುವ ಪ್ಲೇಯರಿನಲ್ಲಿ ಮಾತ್ರ ಈ ಮಜಾ ಇಲ್ಲ.

ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ (1973) ಪಟ್ಟಿಯಲ್ಲಿ ಉಳಿಸಿದ್ದೇನೆ, ಆದರೂ ನನ್ನ ಓಟು ವಿಶ್ ಯೂ ವರ್ ಹಿಯರ್‌ಗೆ (1975). ಮೊದಲನೆಯದು ಜಾಣತನದ ಕೆಲಸ, ಎರಡನೆಯದರಲ್ಲಿ ಉಸಿರಾಡಲು ಜಾಗ ಇದೆ. ನಮ್ಮ ದೇಶದ ಗ್ರಾಮಫೋನ್ ಕಂಪನಿಯವರು ಒತ್ತಿದ ಫ್ಲಾಯ್ಡ್, ಬೀಟಲ್ಸ್ ಇಲ್ಲಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ. ಮುಂಬೈಯ ಮಳೆಗಾಲ ಕಂಡ ಸರಕು ಎಂಬುದು ನೆನಪಿರಲಿ. ಕವರು ಮೂಸಿದರೆ ಬೂಷ್ಟಿನ ವಾಸನೆ ಬರುತ್ತದೆ, ರೆಕಾರ್ಡಿನ ಮೇಲೆ ಬಿಳಿ ಚುಕ್ಕೆ ಕೂತಿರುತ್ತದೆ. ಬೂಷ್ಟು ಎಷ್ಟೋ ಸಲ ತೊಳೆದರೆ ಹೋಗುತ್ತದೆ, ಸವೆದ ಗೆರೆ ಮಾತ್ರ ಮರಳಿ ಬರುವುದಿಲ್ಲ.

ಸವೆತ ತಿಳಿಯಬೇಕಾದರೆ ಅಂಗಡಿಯವನಿಗೆ ಮೊದಲ ಹಾಡಲ್ಲ, ಬದಿಯ ಕೊನೆಯ ಹಾಡು ಹಾಕಲು ಹೇಳು. ರೆಕಾರ್ಡು ನಿಮಿಷಕ್ಕೆ 33⅓ ಸುತ್ತೇ ಸುತ್ತಿದರೂ ಹೊರಗಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಲೇಬಲ್ ಹತ್ತಿರದ್ದು 21 ಮಾತ್ರ. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಸಂಗೀತ ತುಂಬಿರುವುದರಿಂದ ಕೆಟ್ಟ ಸೂಜಿ ಮೊದಲು ಅಲ್ಲೇ ಹಾಳು ಮಾಡುತ್ತದೆ. ಲೆಡ್ ಜೆಪ್ಲಿನ್‌ನ ನಾಲ್ಕನೆಯ ಆಲ್ಬಮ್ (1971) ಇದಕ್ಕೆ ಒಳ್ಳೆ ಪರೀಕ್ಷೆ. 'ಸ್ಟೇರ್‌ವೇ' ಎ ಬದಿಯ ಕೊನೆಗಿದೆ, ಅದರ ಅಬ್ಬರವೆಲ್ಲ ತೀರ ಒಳಗಿನ ಗೆರೆಯಲ್ಲಿ. ಹಾಡುಗಾರ ಪ್ಲಾಂಟ್‌ನ ಏರುದನಿ ಹರಿದ ಸ್ಪೀಕರಿನಂತೆ ಕೇಳಿಸಿದರೆ ಆ ಪ್ರತಿ ಬಿಟ್ಟುಬಿಡು. ಹಾಗೆ ನೋಡಿದರೆ ಆ ಆಲ್ಬಮ್ಮಿನ ನಿಜವಾದ ಹಾಡು ಬಿ ಬದಿಯ ಕೊನೆಯದು, 'ವೆನ್ ದ ಲೆವೀ ಬ್ರೇಕ್ಸ್'. ಹೆಡ್ಲಿ ಗ್ರೇಂಜ್ ಎಂಬ ಹಳೆ ಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ಸ್ ಇಟ್ಟು, ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟು ಹಿಡಿದ ಸದ್ದು ಅದು.

ಈಗ ಹೊಡೆದು ಹಾಕಿದ್ದು. ರೇಡಿಯೋಹೆಡ್‌ನ ಓಕೆ ಕಂಪ್ಯೂಟರ್ (1997) 53 ನಿಮಿಷ, ಎಲ್‌ಪಿಯಲ್ಲಿ ಎರಡು ರೆಕಾರ್ಡು, ನಾಲ್ಕು ಬದಿ. ಕೂತೆ ಎನ್ನುವಷ್ಟರಲ್ಲಿ ಏಳಬೇಕು. ನಿರ್ವಾಣಾದ ನೆವರ್‌ಮೈಂಡ್ (1991) 42 ನಿಮಿಷವಾದ್ದರಿಂದ ಒಂದೇ ರೆಕಾರ್ಡಿಗೆ ಹಿಡಿಯುತ್ತದೆ, ಆದರೆ ಕೊನೆಯ ಹಾಡಾದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು ಧಡಕ್ಕನೆ ಬರುವ ಗುಟ್ಟಿನ ಹಾಡು ಸಿಡಿಯ ಚೇಷ್ಟೆ. 2011ರ ರೀಮಾಸ್ಟರ್ (ಸದ್ದನ್ನು ಮತ್ತೆ ಹದಮಾಡಿದ ಪ್ರತಿ) ಬೇಡ, ಸದ್ದು ಏರಿಸಿ ಏರು-ತಗ್ಗನ್ನು ಸಪಾಟು ಮಾಡಿದ್ದಾರೆ. ಹಿಂಬದಿಯಲ್ಲಿ 1991 ಮಾತ್ರ ಇರುವ ಹಳೆ ಸಿಡಿಯೇ ಸಾಕು. ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಕ್ಯಾಲಿಫೋರ್ನಿಕೇಶನ್ (1999) ಗರಗರ ಅಂದರೆ ನಿನ್ನ ಸ್ಪೀಕರನ್ನು ಬಯ್ಯಬೇಡ, ಸಿಡಿಯೇ ಹಾಗಿದೆ. ಡೈರ್ ಸ್ಟ್ರೇಟ್ಸ್‌ನ ಬ್ರದರ್ಸ್ ಇನ್ ಆರ್ಮ್ಸ್ (1985) ಹಳೆ ರಾಕ್ ಎಂದು ಎಲ್‌ಪಿ ಕಡೆ ಹಾಕಿದ್ದೀಯ. ಅದು ಡಿಜಿಟಲ್‌ನಲ್ಲೇ ಧ್ವನಿಮುದ್ರಿಸಿದ್ದು, ಮೇಲಾಗಿ ಎಲ್‌ಪಿಯಲ್ಲಿ ಹಾಡುಗಳಿಗೆ ಕತ್ತರಿ ಬಿದ್ದಿದೆ. ಸಿಡಿಯಲ್ಲಿ ಎಂಟೂವರೆ ನಿಮಿಷವಿರುವ 'ವೈ ವರಿ' ಅಲ್ಲಿ ಐದು ಚಿಲ್ಲರೆ.

ಹಳೆ ಸಿಡಿ ನೋಡುವಾಗ ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿ ನೋಡು. ಅಲ್ಯೂಮಿನಿಯಂ ಪದರ ಅದರ ಕೆಳಗೇ ಇರುವುದರಿಂದ ಅಲ್ಲಿ ಗೀರಿದರೆ ಮುಗಿಯಿತು. ಟ್ಯೂಬ್‌ಲೈಟಿಗೆ ಹಿಡಿದು ಸೂಜಿತೂತು ಕಂಡರೆ ಬೇಡ. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ, ದುಂಡಗೆ ಅಲ್ಲ.

ಟರ್ನ್‌ಟೇಬಲಿನ ತೋಳಿನ ಭಾರ ನೀನೇ ಹೊಂದಿಸಿಕೋ. ಆಂಟಿ-ಸ್ಕೇಟ್ (ತೋಳು ಒಳಕ್ಕೆ ಎಳೆಯದಂತೆ ತಡೆಯುವ ತಿರುಪು) ಸೊನ್ನೆಗೆ ತಾ. ತೋಳು ಏಳದೆ ಬೀಳದೆ ತೇಲುವಂತೆ ಹಿಂದಿನ ತೂಕ ತಿರುಗಿಸು. ಅಲ್ಲಿ ಅಂಕೆಯ ಉಂಗುರ ಮಾತ್ರ ಸೊನ್ನೆಗೆ ಇಟ್ಟು, ಆಮೇಲೆ ತೂಕವನ್ನು ಬೇಕಾದ ಗ್ರಾಮಿಗೆ ತಿರುಗಿಸಿ, ಆಂಟಿ-ಸ್ಕೇಟನ್ನೂ ಅಷ್ಟಕ್ಕೇ ಇಡು. ಆಡಿಯೋ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಭಾಗ) ಹಾಕಿದರೆ 2 ಗ್ರಾಂ. ಹಗುರ ಇದ್ದಷ್ಟೂ ರೆಕಾರ್ಡಿಗೆ ಒಳ್ಳೆಯದು ಅನ್ನುವವರ ಮಾತು ಕೇಳಬೇಡ. ಹಗುರಾದರೆ ಸೂಜಿ ಗೆರೆಯೊಳಗೆ ಕುಣಿದು ಗೋಡೆ ಕೆರೆಯುತ್ತದೆ. ಆ ಸೂಜಿಯ ಆಯುಷ್ಯ ಸುಮಾರು 300 ಗಂಟೆ. ಕಾಕಾನ ಸೂಜಿ ಎಷ್ಟು ಓಡಿದೆಯೋ, ಹೊಸದು ಹಾಕಿಯೇ ಶುರು ಮಾಡು. ಆಂಪ್ಲಿಫೈಯರಿನ ಫೋನೋ ತೂತಿಗೇ ವೈರು ಚುಚ್ಚು. ಬೇರೆಯದಕ್ಕೆ ಚುಚ್ಚಿದರೆ ಸದ್ದು ಕ್ಷೀಣ, ಬೇಸ್ ಇರುವುದೇ ಇಲ್ಲ. ಗುಂಯ್ ಅಂದರೆ ಅರ್ತ್ ವೈರು ಬಿಟ್ಟಿದೆ ಅಂತ.

ತೊಳೆಯಲು ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು. ಲೇಬಲ್ ನೆನೆಯಬಾರದು. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ಸುತ್ತುವ ತಟ್ಟೆಗಳಿಗೆ ಮಾತ್ರ ಇದನ್ನು ಮುಟ್ಟಿಸಲೇಬೇಡ. ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ. ಎಲ್‌ಪಿ ಸೂಜಿಯೂ ಅವುಗಳಿಗೆ ಆಗದು, ಅಗಲ ಗೆರೆಗೆ ಅಗಲ ಸೂಜಿಯೇ ಬೇಕು.

ಅಬ್ಬೆ ರೋಡ್ ಮತ್ತು ಜೆಪ್ಲಿನ್ ಸಿಕ್ಕರೆ ಪಾರ್ಸೆಲ್ ಮಾಡುತ್ತೇನೆ. ರೆಕಾರ್ಡು ಕವರಿನ ಹೊರಗೆ, ಒಳಚೀಲದಲ್ಲಿ ಪ್ರತ್ಯೇಕವಾಗಿ ಬರುತ್ತದೆ, ಗಾಬರಿಯಾಗಬೇಡ. ಒಳಗಿಟ್ಟು ಕಳಿಸಿದರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಹರಿಯುತ್ತದೆ. ಬಂದ ಮೇಲೆ ನಿಲ್ಲಿಸಿಯೇ ಇಡು, ಅಟ್ಟದ ಬಿಸಿಲಿಗೆ ಬೇಡ. ಅಪ್ಪ-ಅವ್ವನಿಗೆ ನಮಸ್ಕಾರ ತಿಳಿಸು.

ನಿನ್ನ ಅಕ್ಕ