ಅಲೆ ಇಲ್ಲದ ಕಡೆಯೇ ಸೆಳೆತ ಜಾಸ್ತಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ, ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುವ ಸ್ಪರ್ಧೆ ನಡೆದ ಊರು ಇದು. ಒಬ್ಬ ಹುಡುಗಿ ಹಲಗೆ ಮೇಲೆ ಬೋರಲು ಮಲಗಿ, ಎರಡೂ ಕೈಯಲ್ಲಿ ನೀರು ತಳ್ಳಿ, ಅಲೆ ಎತ್ತಿದ ಕೂಡಲೇ ಜಿಗಿದು ನಿಂತಳು. ನನ್ನ ಎಂಟು ವರ್ಷದ ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಎಷ್ಟು ಚೆಂದದ ಜಾಗ!

ಆದರೆ ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಅಳಿವೆ ಇರುವುದೂ ಅಲ್ಲೇ. ಅಲ್ಲಿ ನೀರು ಶಾಂತವಾಗಿ ಕಂಡಿತು. ಅಲೆ ಇಲ್ಲ ಅಲ್ವಾ ಅಂತ ಮಕ್ಕಳನ್ನು ಇಳಿಸಿದೆವು. ಅದು ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತು. ಮಗಳಿಗೆ ಮೊಣಕಾಲುದ್ದ ನೀರು, ಅಷ್ಟರಲ್ಲೇ ಕಾಲಡಿಯ ಮರಳು ಸರ್ರನೆ ಜಾರಿತು. ಬಲೆ ಕೊಡವುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ಅವಳ ರಟ್ಟೆ ಹಿಡಿದರು. "ಅಲೆ ಇಲ್ಲದ ಕಡೆಯೇ ಸೆಳೆತ ಜಾಸ್ತಿ, ಮೇಲೆ ಬನ್ನಿ" ಎಂದರು. ನೆನೆದರೆ ಈಗಲೂ ಕೈ ನಡುಗುತ್ತದೆ.

ಆ ಹಿರಿಯರ ಮಾತನ್ನೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಅಳಿವೆ ಪಕ್ಕ ನಿಲ್ಲಿಸಿ. ಕೆಂಪು ಬಾವುಟ ನೆಡಿ. ರಜಾ ದಿನಗಳಲ್ಲಿ ಕತ್ತಲಾಗುವವರೆಗೆ ಇಬ್ಬರು ಜೀವರಕ್ಷಕರು ಅಲ್ಲಿರಲಿ.

– ಒಬ್ಬ ತಾಯಿ, ಹಾಸನ